ಲುಂಗಿ ಹುಟ್ಟಿದ ಹೊಸ್ತಿಲು

ಮರಾಠಿ ಸೀಮೆಯ ಧನಕವಡಿಯ ಆ ಹಳೆಯ ವಸತಿ ಸೊಸೈಟಿ ಕಟ್ಟಡದ ನೆಲಮಹಡಿಯಲ್ಲಿ ಎರಡೇ ಅಂಗಡಿಗಳು. ಎಡಗಡೆ ಚನ್ನಬಸವ್ವನ ಮ್ಯಾಚಿಂಗ್ ಸೆಂಟರ್, ಬಲಗಡೆ ಭುಜಂಗನ ಹೋಟೆಲು. ಎರಡಕ್ಕೂ ಮುಂದೆ ಒಂದೇ ಕಟ್ಟೆ. ಕಟ್ಟೆಯ ಮೇಲೆ ಗೆರೆ ಎಳೆದವರು ಯಾರೂ ಇಲ್ಲ. ಆದರೆ ಬೆಳಿಗ್ಗೆ ಕಸ ಗುಡಿಸುವಾಗ ಚನ್ನಬಸವ್ವನ ಪೊರಕೆ ಎಲ್ಲಿ ನಿಲ್ಲುತ್ತದೋ ಅದೇ ಗಡಿ. ಕಸ ಗಡಿಯ ಆಚೆ ಬಿದ್ದಿರುತ್ತದೆ.

ಮ್ಯಾಚಿಂಗ್ ಸೆಂಟರಿನಲ್ಲಿ ಸೀರೆ ಸಿಗುವುದಿಲ್ಲ, ಸೀರೆಗೆ ಬೇಕಾದ ಉಳಿದೆಲ್ಲ ಸಿಗುತ್ತದೆ. ಜಂಪರ್ ಎನ್ನುವ ರವಿಕೆಯ ತುಂಡು, ಒಳಲಂಗ, ಅಂಚಿಗೆ ಹೊಲಿಯುವ ಫಾಲ್, ಒಳಪದರದ ಅಸ್ತರ, ದಾರ. ಗಿರಾಕಿ ಸೀರೆಯನ್ನು ಮನೆಯಿಂದ ತರುತ್ತಾಳೆ, ಅದಕ್ಕೆ ಒಪ್ಪುವ ಬಣ್ಣವನ್ನು ಚನ್ನಬಸವ್ವ ಹುಡುಕಿ ಕೊಡುತ್ತಾಳೆ. ಅವಳ ಬೆನ್ನ ಹಿಂದಿನ ಗೋಡೆಯಲ್ಲಿ ನೆಲದಿಂದ ಸೂರಿನವರೆಗೆ ಬಟ್ಟೆ ಸುತ್ತಿಟ್ಟ ತಾನುಗಳು. ಬಣ್ಣಗಳಿಗೆ ಕಂಪನಿಯವರು ಕೊಟ್ಟ ನಂಬರುಗಳಿವೆ. ಅವಳು ಅವನ್ನು ನೋಡುವುದಿಲ್ಲ. ಕೆಂಪಿನಲ್ಲೇ ದಾಳಿಂಬೆ, ಇಟ್ಟಿಗೆ, ಹಳೇ ಕುಂಕುಮ, ಸಿಟ್ಟಿನ ಮಾರಿ ಎಂದು ಅವಳದೇ ಹೆಸರುಗಳಿವೆ.

ಅವಳು ಕೆಲಸ ಮಾಡುವ ರೀತಿಗೆ ಬೆಳಕು ಬೇಕು, ಅದೂ ಆಕಾಶದ ಬೆಳಕು. ಗಿರಾಕಿಯ ಸೀರೆಯ ಸೆರಗನ್ನು ಎಡಗೈಯಲ್ಲಿ ಹಿಡಿದು, ಬಲ ಹೆಗಲ ಮೇಲೆ ಬಟ್ಟೆಯ ತಾನನ್ನು ಹೇರಿಕೊಂಡು ಹೊಸ್ತಿಲಿಗೆ ಬರುತ್ತಾಳೆ. ಎರಡು ಬಟ್ಟೆಗಳನ್ನೂ ಒಟ್ಟಿಗೆ ಹಿಡಿದು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ವಾಲಿಸುತ್ತಾಳೆ. ಎರಡೂ ಸೇರುವ ಗೆರೆ ಕಣ್ಣಿಗೆ ಕಾಣದಷ್ಟು ಬಣ್ಣ ಕೂಡಿದರೆ ಕತ್ತರಿ ಕೈಗೆ ಬರುತ್ತದೆ.

"ಟ್ಯೂಬ್‌ಲೈಟು ಬೀಗರ ಕಡೆ ಮಂದಿ ಇದ್ದಂಗ," ಎನ್ನುತ್ತಾಳೆ ಅವಳು. "ಎಲ್ಲಾ ಚಂದ ಅದ, ಎಲ್ಲಾ ಚಂದ ಅದ ಅಂತದ. ಮನಿಗೆ ಹೋದಮ್ಯಾಲ ಗೊತ್ತಾಗ್ತದ."

ಅವಳ ಊರು ಗುಳೇದಗುಡ್ಡ. ಗಂಡ ಮುರುಗೆಪ್ಪ ಬಾರಾಮತಿಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದು, ವಾರಕ್ಕೊಮ್ಮೆ ಬಂದು ಮಲಗಿ ಹೋಗುವ ಮನುಷ್ಯ. ಅಂಗಡಿ ಶುರುವಿನಿಂದಲೂ ಅವಳದೇ. ಈಗ ಸೊಸೆ ನೀತಾ ಒಳಗೆ ಕುಳಿತು ಫಾಲ್ ಹೊಲಿಯುತ್ತಾಳೆ. ಚನ್ನಬಸವ್ವ ಸೊಸೆಯನ್ನು ಹೊಗಳಿದ್ದನ್ನು ಯಾರೂ ಕೇಳಿಲ್ಲ. ಆದರೆ ಭುಜಂಗನಿಗೆ ಹೋಲಿಸಿದರೆ ಸೊಸೆ ಅವಳಿಗೆ ದೇವರ ಸಮಾನ.

ಭುಜಂಗ ಕುಂದಾಪುರದ ಕಡೆಯವನು. ಹೋಟೆಲು ತೆರೆದ ಮೊದಲ ವಾರವೇ ಅವನ ಪಾತ್ರೆ ತೊಳೆದ ನೀರು ಕಟ್ಟೆಯ ಮೇಲೆ ಹರಿದು ಬಂದು, ಕೆಳಗಿಟ್ಟಿದ್ದ ಬಿಳಿ ಅಸ್ತರದ ತಾನು ನೆನೆಯಿತು. ಅವನು ಹೊರಗೆ ಬಂದು, "ಎಂತ ಮಾಡುದು ಮಾರಾಯ್ರೆ, ಇಳಿಜಾರು ಉಂಟಲ್ಲ," ಎಂದ. ಚನ್ನಬಸವ್ವ ಗಿರಾಕಿಗಳ ಎದುರಿಗೇ ಅವನ ರಾಗ ಎಳೆದು, "ಎಂತ ಮಾಡೂದು? ಉಂಟಲ್ಲ?" ಎಂದು ಅಣಕಿಸಿದಳು. ಅವನೂ ಬಿಡಲಿಲ್ಲ. "ನಿಮ್ಮ ಭಾಷೆಯಲ್ಲಿ ಊಟಕ್ಕೆ ಕರೆದದ್ದಾ, ಹೊಡಿಲಿಕ್ಕೆ ಕರೆದದ್ದಾ ಗೊತ್ತಾಗುದಿಲ್ಲ," ಎಂದ. ಅಂದಿನಿಂದ ಅವರಿಬ್ಬರೂ ಜಗಳವಾಡುವುದು ಮರಾಠಿಯಲ್ಲಿ. ಕಟ್ಟಡದ ಮರಾಠಿ ಮಂದಿಗೆ ಇದರಿಂದ ಅನುಕೂಲವೇ ಆಯಿತು, ಒಂದು ಮಾತೂ ತಪ್ಪದೆ ಕೇಳಬಹುದಿತ್ತು.

ಇಷ್ಟು ವರ್ಷ ನಡೆದದ್ದು ನೀರಿನ ಜಗಳ, ಕಸದ ಜಗಳ, ತರಕಾರಿ ಟೆಂಪೋ ನಿಲ್ಲಿಸುವ ಜಗಳ. ಕಳೆದ ಬೇಸಿಗೆಯ ಜಗಳ ಬೇರೆ ಥರದ್ದು. ಭಾನುವಾರ ಪಾಳಿ ಕಾಯುವ ಗಿರಾಕಿಗಳು ಬಿಸಿಲಲ್ಲಿ ನಿಲ್ಲುತ್ತಾರೆ, ಕಟ್ಟೆಯ ಉದ್ದಕ್ಕೂ ಚಪ್ಪರ ಹಾಕಲು ಅನುಮತಿ ಕೊಡಿ ಎಂದು ಭುಜಂಗ ಸೊಸೈಟಿಗೆ ಕೇಳಿದ. ಉದ್ದಕ್ಕೂ ಎಂದರೆ ಚನ್ನಬಸವ್ವನ ಹೊಸ್ತಿಲ ಮೇಲೂ.

ಸೊಸೈಟಿಯ ಸೆಕ್ರೆಟರಿ ಸ್ವಪ್ನಿಲ್ ಎಂಬ ತರುಣ. ಎಲ್ಲರಿಗೂ ನಗುತ್ತಾನೆ, ಯಾರಿಗೂ ಹೌದು ಎನ್ನುವುದಿಲ್ಲ. ಚನ್ನಬಸವ್ವ ಅವನ ಮನೆಯ ಮೆಟ್ಟಿಲು ಹತ್ತಿ ಹೋಗಿ, ಚಪ್ಪರ ಬಂದರೆ ತನ್ನ ಧಂದೆ ಮುಳುಗಿತು ಎಂದಳು.

"ಕಾಕೂ, ನೆರಳು ಬಂದರೆ ನಿಮ್ಮ ಗಿರಾಕಿಗೂ ಒಳ್ಳೆಯದಲ್ಲವೇ?" ಎಂದ ಅವನು ಮರಾಠಿಯಲ್ಲಿ. "ಒಂದು ಒಳ್ಳೆಯ ಎಲ್‌ಇಡಿ ಹಾಕಿಸಿಕೊಳ್ಳಿ."

"ನಿನ್ನ ಮದುವಿ ಸೀರಿ ತಗೊಂಡು ಬಾ, ಎಲ್‌ಇಡಿಯೊಳಗ ಜಂಪರ್ ಕೊಡ್ತೀನಿ," ಎಂದು ಕನ್ನಡದಲ್ಲೇ ಬೈದು ಇಳಿದು ಬಂದಳು. ಅವನಿಗೆ ಅರ್ಥವಾಗಲಿಲ್ಲ. ಮುಂದಿನ ತಿಂಗಳ ಮೀಟಿಂಗಿನಲ್ಲಿ ನಿರ್ಧಾರ ಎಂದು ಕೆಳಗಿನ ಫಲಕದಲ್ಲಿ ಬರೆಸಿದ.

ಆ ನಡುವಿನ ಒಂದು ಭಾನುವಾರ ಮೊದಲ ಕಥೆ ಹುಟ್ಟಿತು. ಹಡಪಸರದ ಕಂಪನಿಯೊಂದರಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗಿ ಇಂಪನಾ ಒಂದು ಸೀರೆಗೆ ಫಾಲ್ ಹಚ್ಚಿಸಲು ಬಂದಿದ್ದಳು. ಪಕ್ಕದಲ್ಲಿ ಭುಜಂಗ ಲುಂಗಿ ಮಡಚಿ ಕಟ್ಟಿಕೊಂಡು, ಕಾಯುವವರ ಹೆಸರು ಕೂಗುತ್ತಿದ್ದ.

"ಆಂಟಿ, ಲುಂಗಿಗೆ ಲುಂಗಿ ಅಂತ ಯಾಕಂತಾರೆ?" ಎಂದು ಇಂಪನಾ ಸುಮ್ಮನೆ ಕೇಳಿದಳು. "ಆಫೀಸಲ್ಲಿ ಯಾರೋ ಕೇಳಿದ್ರು, ನಂಗೊತ್ತಿರ್ಲಿಲ್ಲ."

ಚನ್ನಬಸವ್ವನಿಗೂ ಗೊತ್ತಿರಲಿಲ್ಲ. ಅವಳು ಹೊಸ್ತಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡಳು.

"ಅಷ್ಟೂ ಗೊತ್ತಿಲ್ಲೇನವ್ವಾ ನಿನಗ? ಕುಂದಾಪುರದ ಕಡೆ ಒಬ್ಬ ಹೋಟೆಲ್ಲಿನಾಂವ ಇದ್ದ. ಹಳಸಿದ ಚಟ್ನಿ ಹಾಕಿ ಹಾಕಿ, ಒಂದಿನ ಗಿರಾಕಿ ಎಲ್ಲಾ ಬಡಿಗಿ ತಗೊಂಡು ಬಂದ್ರು. ಇಂವ ಜಳಕ ಮಾಡಾಕತ್ತಿದ್ದ. ಹಂಗಽ ಹಿತ್ತಲಕ್ಕ ಓಡಿದ. ಹಗ್ಗದ ಮ್ಯಾಲ ಹೆಂಡ್ತಿ ಲಂಗ ಒಣಗಾಕತ್ತಿತ್ತು, ಸುತ್ತಗೊಂಡ. ಲಾಡಿ ಕಟ್ಟಾಕ ಪುರುಸೊತ್ತು ಎಲ್ಲಿಂದ ಬರಬೇಕು? ಒಂದು ಗಂಟು ಹಾಕ್ಕೊಂಡು ಓಡೇ ಓಡಿದ. ಸಂದ್ಯಾಗ ಹಿಡದ್ರು. 'ಏನಲೇ, ಲಂಗ ಉಟ್ಟೀ?' ಅಂದ್ರು. ಲಂಗ ಅಲ್ಲ ಅನ್ನಾಕ ಹೋದ, ಅಂಜಿಕಿಗೆ ಬಾಯಿ ಸೊಟ್ಟಾತು. 'ಲುಂ... ಲುಂ... ಲುಂಗಿ' ಅಂದ. ಅವತ್ತಿನಿಂದ ಆ ಮಂದಿ ಅದನ್ನಽ ಉಡ್ತಾರ. ಲಾಡಿ ಇನ್ನೂ ಕಟ್ಟಿಲ್ಲ. ಬೇಕಾದ್ರ ನೋಡು."

ಕಾಯುತ್ತಿದ್ದವರಲ್ಲಿ ಕನ್ನಡ ಬಲ್ಲವರು ಬಹಳ ಮಂದಿ ಇದ್ದರು. ಎಲ್ಲರ ಕಣ್ಣೂ ಒಟ್ಟಿಗೆ ಭುಜಂಗನ ಸೊಂಟಕ್ಕೆ ಹೋಯಿತು. ಅವನ ಕೈ ತಾನಾಗಿ ಗಂಟಿನ ಮೇಲೆ ಬಂತು. ಅದನ್ನು ಕಂಡು ಕನ್ನಡ ಬಾರದವರೂ ನಕ್ಕರು.

ಅವತ್ತು ಚನ್ನಬಸವ್ವ ರೊಟ್ಟಿ ಎರಡು ಹೆಚ್ಚು ತಿಂದಳು ಎಂದು ನೀತಾ ಹೇಳುತ್ತಾಳೆ.

ಮುಂದಿನ ಭಾನುವಾರಕ್ಕೆ ಸೀರೆಯ ಕಥೆ ತಯಾರಿತ್ತು. ಕಡಲ ಕಡೆಯ ಒಬ್ಬ ಜಿಪುಣ ಬಯಲುಸೀಮೆಯ ಹುಡುಗಿಯನ್ನು ಮದುವೆಯಾಗಿ, ಉಡಲು ಮೀನಿನ ಬಲೆ ತಂದುಕೊಟ್ಟನಂತೆ. ಹುಡುಗಿ ಮರ್ಯಾದಸ್ಥೆ. ಅಷ್ಟು ಸಿಟ್ಟು ಬಂದರೂ ಗಂಡನಿಗೆ 'ರೀ' ಹಚ್ಚುವುದು ಬಿಡಲಿಲ್ಲ. ಬಲೆ ಮೂಸಿ ನೋಡಿ, "ಸೀ... ರೀ!" ಎಂದಳು. ಅದರ ಮರುವಾರ ಪೈಜಾಮ. ಮಂಗಳೂರಿನ ಪೈ ಎಂಬ ಮ್ಯಾನೇಜರು ಗಲ್ಲಾಪೆಟ್ಟಿಗೆ ಹೊತ್ತುಕೊಂಡು ಕಿಟಕಿಯಲ್ಲಿ ನುಸುಳಲು ಹೋಗಿ, ಎರಡು ಕಾಲೂ ಹೊರಗಿನ ಎರಡು ಕೊಳವೆಗಳಲ್ಲಿ ತೂರಿ ಸಿಕ್ಕಿಬಿದ್ದ. ಊರವರು ಬಂದು ನೋಡಿ, 'ಪೈ ಜಾಮ್ ಆದಾ' ಎಂದರು. ಇವುಗಳಲ್ಲಿ ಒಂದೂ ನಿಜವಲ್ಲ ಎಂಬುದು ಹೇಳುವವಳಿಗೂ ಕೇಳುವವರಿಗೂ ಗೊತ್ತಿತ್ತು. ಯಾವ ಬಟ್ಟೆಯಿಂದ ಶುರುವಾದರೂ ಕೊನೆಗೆ ಕರಾವಳಿಯ ಹೋಟೆಲಿನವನೊಬ್ಬ ಬೆತ್ತಲೆಯೋ ಕಳ್ಳನೋ ಆಗುತ್ತಾನೆ ಎಂಬುದೂ ಗೊತ್ತಿತ್ತು. ಜನ ಕಾಯುತ್ತಿದ್ದುದು ಅವನು ಯಾವ ದಾರಿಯಿಂದ ಬರುತ್ತಾನೆ ಎಂದು.

ಭುಜಂಗನಿಗೆ ಉತ್ತರ ಹೊಳೆಯಲಿಲ್ಲ. ಅವನ ಹೆಂಡತಿ ಸ್ವರ್ಣಲತಾಗೆ ಹೊಳೆಯಿತು. ಅವಳು ಗಲ್ಲಾದಲ್ಲಿ ಕುಳಿತು ಚಿಲ್ಲರೆ ಕೊಡುವ, ತಗ್ಗಿದ ದನಿಯ ಹೆಂಗಸು. ಒಂದು ಭಾನುವಾರ ಬಿಲ್ಲು ಕೊಡುತ್ತಲೇ, ಯಾರನ್ನೂ ನೋಡದೆ, "ಖಣ ಅಂತ ಒಂದು ರವಿಕೆ ಬಟ್ಟೆ ಉಂಟಲ್ಲ, ಗುಳೇದಗುಡ್ಡದ್ದು, ಅದಕ್ಕೆ ಆ ಹೆಸರು ಹೇಗೆ ಬಂತು ಗೊತ್ತುಂಟಾ?" ಎಂದಳು.

ಹೊಸ್ತಿಲಲ್ಲಿದ್ದ ಚನ್ನಬಸವ್ವನ ಕತ್ತರಿ ನಿಂತಿತು.

"ಅಲ್ಲಿ ಒಬ್ಬಳು ಹೆಂಗಸು. ಬಾಯಿ ತೆರೆದರೆ ಖಣಖಣ, ಖಣಖಣ, ಪಾತ್ರೆ ಅಂಗಡಿ ಬಿದ್ದ ಹಾಗೆ. ಗಂಡ ಊರು ಬಿಟ್ಟ. ನಾಯಿಗಳೂ ಊರು ಬಿಟ್ಟವು. ಕಡೆಗೆ ಊರಿನ ಹಿರಿಯರು ಸೇರಿ, ಅವಳ ಬಾಯಿಗೆ ತುರುಕಲಿಕ್ಕೆ ಅಂತ ಒಂದು ತುಂಡು ನೇಯಿಸಿದ್ರು. ಚಂದ ಬಂತು. ಹಾಗಾಗಿ ಈಗ ಎಲ್ಲರೂ ಹೊಲಿಸಿ ಹಾಕ್ತಾರೆ. ಬಾಯಿ ಮಾತ್ರ ಹಾಗೇ ಉಳಿಯಿತು." ಅವಳು ಚಿಲ್ಲರೆ ಎಣಿಸಿ ಕೊಟ್ಟಳು. "ನೆಕ್ಸ್ಟ್ ಯಾರು?"

ನಗು ಚನ್ನಬಸವ್ವನ ಯಾವ ಕಥೆಗೂ ಬಾರದಷ್ಟು ದೊಡ್ಡದಾಗಿ ಬಂತು. ಒಳಗೆ ನೀತಾ ಕೂಡ ಹೊಲಿಗೆ ಯಂತ್ರದ ಮೇಲೆ ತಲೆ ತಗ್ಗಿಸಿದಳು. "ನಗತಿಯೇನ?" ಎಂದಳು ಚನ್ನಬಸವ್ವ. "ಇಲ್ಲರೀ ಅತ್ತಿ, ದಾರ ಹರೀತು," ಎಂದಳು ನೀತಾ.

ಹೀಗೆ ಭಾನುವಾರ ಬೆಳಗಿನ ಕಟ್ಟೆಗೆ ಎರಡು ಬಾಯಿಗಳಾದವು. ಇಂಪನಾ ಆಫೀಸಿನ ಗೆಳತಿಯರನ್ನು ಕರೆತಂದಳು. ಧನಕವಡಿಯ ಕಾಲೇಜಿನ ಕನ್ನಡದ ಹುಡುಗರು ಬಂದರು. ಹೋಟೆಲಿನೊಳಗೆ ಟೇಬಲ್ ಖಾಲಿ ಇದ್ದರೂ ಮಂದಿ ಕಾಫಿ ಹಿಡಿದು ಹೊರಗೇ ನಿಂತರು. ಒಳಲಂಗ ಕೊಳ್ಳಲು ಬಂದ ಹೆಂಗಸರು ಆ ಗಂಡಸರ ಗುಂಪು ದಾಟಲು ನಾಚಿ ಹಿಂದಕ್ಕೆ ಹೋದದ್ದೂ ಉಂಟು. ಚನ್ನಬಸವ್ವ ಅದನ್ನು ಕಂಡಳು. ಆದರೆ ಆಗ ಅವಳ ನಾಲಿಗೆಯ ಮೇಲೆ ಬನಿಯನ್ನಿನ ಕಥೆ ಅರ್ಧಕ್ಕೆ ಬಂದಿತ್ತು.

ಮೀಟಿಂಗು ಮೇಲಿನ ತಾರಸಿ ಗಚ್ಚಿಯಲ್ಲಿ ನಡೆಯಿತು. ಸ್ವಪ್ನಿಲ್ ಈ ಸಲ ನಿರ್ಧಾರ ಮಾಡಿಕೊಂಡೇ ಬಂದಿದ್ದ. ಹಿಂದಿನ ಭಾನುವಾರ ಮೂರನೇ ಮಹಡಿಯ ಮಾಜಿ ಮಾಸ್ತರರು ಕಥೆ ಕೇಳುತ್ತ ಬಿಸಿಲಲ್ಲಿ ನಿಂತು ತಲೆ ಸುತ್ತಿ ಕುಳಿತಿದ್ದರು.

"ಕಾಕೂ, ಮೊದಲು ನಾನೂ ನಿಮ್ಮ ಕಡೆಯೇ ಇದ್ದೆ," ಎಂದ. "ಇಷ್ಟು ಜನ ಆಗ ಎಲ್ಲಿದ್ದರು? ಈಗ ನಿಂತವರಲ್ಲಿ ಅರ್ಧ ಮಂದಿ ಇಡ್ಲಿಗೆ ಬಂದವರಲ್ಲ, ನಿಮಗೋಸ್ಕರ ಬಂದವರು. ನಾಳೆ ಯಾರಿಗಾದರೂ ಹೆಚ್ಚುಕಡಿಮೆಯಾದರೆ?"

ಚಪ್ಪರ ಎರಡೂ ಅಂಗಡಿಗಳ ಹೆಸರಿನಲ್ಲಿ ಜಂಟಿಯಾಗಿ ಮಂಜೂರಾಯಿತು. ಮುಂದೆ ಅದರಲ್ಲಿ ಏನು ಬದಲಾಯಿಸಬೇಕಾದರೂ ಇಬ್ಬರ ಒಪ್ಪಿಗೆ ಬೇಕು ಎಂದೂ ಸೇರಿಸಿದರು. ಗಚ್ಚಿಯಿಂದ ಇಳಿಯುವಾಗ ಭುಜಂಗ ಲುಂಗಿಯ ತುದಿ ಎತ್ತಿ ಹಿಡಿದು ಅವಳಿಗೆ ದಾರಿ ಬಿಟ್ಟ. ಅದು ಮರ್ಯಾದೆಗಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಚಪ್ಪರಕ್ಕೆ ಭುಜಂಗ ತಂದದ್ದು ಹಸಿರು ಫೈಬರ್ ಹಾಳೆ. ಬೆಳಕೂ ಬರುತ್ತದೆ, ತಂಪೂ ಇರುತ್ತದೆ ಎಂದು ಅಂಗಡಿಯವನು ಹೇಳಿದ್ದನಂತೆ. ಬೆಳಕು ಬಂತು. ಎಲ್ಲದರ ಮೇಲೂ ಕೆರೆಯ ತಳದ ಬಣ್ಣ ಬಂತು. ಕೆಂಪು ಸತ್ತಿತು, ಗುಲಾಬಿ ಬೂದಿಯಾಯಿತು, ಬಿಳಿ ಪಾಚಿಗಟ್ಟಿತು.

"ಅತ್ತಿ, ರಸ್ತೆ ದಾಟಿ ಆ ದಂಡಿಗೆ ಹೋಗಿ ನೋಡ್ರಿ," ಎಂದಳು ನೀತಾ. "ನಾಕು ಹೆಜ್ಜಿ ಅದ."

"ಆ ಹೋಟೆಲ್ಲಿನಾಂವ ಕುಂತು ನೋಡ್ಲಿ ಅಂತೇನು? ತಾನು ಹೊತ್ಗೊಂಡು ರಸ್ತೆ ತುಂಬ ಓಡ್ಯಾಡ್ಲಿ ನಾನು? ಈ ಕಣ್ಣಿಗೆ ಇಷ್ಟು ವರ್ಷ ಆಗೇದ, ಹಸರು ಕಳದು ನೋಡಾಕ ಬರ್ತದ."

ಬರಲಿಲ್ಲ. ಇಂಪನಾ ಅಕ್ಕನ ಮದುವೆಗೆಂದು ಈರುಳ್ಳಿ ಸಿಪ್ಪೆ ಬಣ್ಣದ ಸೀರೆ ತಂದಿದ್ದಳು. ಚನ್ನಬಸವ್ವ ಕಥೆ ಹೇಳುತ್ತಲೇ ಹಾಳೆಯ ಕೆಳಗೆ ಬಹಳ ಹೊತ್ತು ನಿಂತು, ಎರಡು ಸಲ ತಾನು ಬದಲಿಸಿ, ಕಡೆಗೆ ಕತ್ತರಿಸಿ ಕೊಟ್ಟಳು. ಮದುವೆ ಮುಗಿಸಿ ಬಂದ ಇಂಪನಾ ಫೋನನ್ನು ಅವಳ ಮೂಗಿನ ಮುಂದೆ ಹಿಡಿದಳು.

"ನೋಡಿ ಆಂಟಿ. ಇಟ್ಟಿಗೆ! ಪಕ್ಕಾ ಇಟ್ಟಿಗೆ ಕಲರ್! ಟೈಲರ್ ಹೊಲಿದು ಡೈರೆಕ್ಟಾಗಿ ಪ್ಯಾಕ್ ಮಾಡಿಬಿಟ್ಟಿದ್ದ, ಚೌಲ್ಟ್ರೀಲಿ ಓಪನ್ ಮಾಡ್ದೆ. ಎಲ್ಲಾ ಫೋಟೋದಲ್ಲೂ ನಾನೊಬ್ಳೇ ಎದ್ದು ಕಾಣ್ತಿದೀನಿ, ಕಟ್ತಾ ಇರೋ ಬಿಲ್ಡಿಂಗ್ ಥರ."

"ಬೆಳಕು..." ಎಂದಳು ಚನ್ನಬಸವ್ವ.

"ಬೆಳಕಲ್ಲ ಆಂಟಿ. ನೀವು ಕಥೆ ಹೇಳೋದ್ರಲ್ಲಿ ಬಿಜಿ ಇದ್ರಿ. ನಮ್ಮನ್ನ ನಗಿಸ್ಕೊಂಡು ನಿಂತ್ರಿ. ನಾನೂ ನಗ್ತಾ ನಿಂತೆ, ತಪ್ಪು ನಂದೇ."

ಇದನ್ನು ಅವಳು ಮೆಲ್ಲಗೆ ಹೇಳಲಿಲ್ಲ. ಗಲ್ಲಾದಲ್ಲಿ ಸ್ವರ್ಣಲತಾ ತಲೆ ಎತ್ತಿದಳು. ಭುಜಂಗ ಬಾಗಿಲವರೆಗೆ ಬಂದು ನಿಂತ. ಇಂಪನಾ ಮತ್ತೆ ಬರಲಿಲ್ಲ. ಅವಳ ಗೆಳತಿಯರು ಕಾತ್ರಜದ ತಿರುವಿನ ಬೇರೊಂದು ಮ್ಯಾಚಿಂಗ್ ಸೆಂಟರಿಗೆ ಹೋಗತೊಡಗಿದರು. ಬಣ್ಣ ಬದಲಿಸಿ ಕೊಡಿ ಎಂದು ತುಂಡು ಹಿಂದಕ್ಕೆ ತಂದವರು ಇನ್ನೂ ಕೆಲವರು. ಚನ್ನಬಸವ್ವ ಕಥೆ ನಿಲ್ಲಿಸಿದಳು. ಆದರೂ ಒಂದು ದಿನವೂ ರಸ್ತೆ ದಾಟಲಿಲ್ಲ.

ಇತ್ತ ಭುಜಂಗನಿಗೂ ಹಾಳೆ ಒಲಿಯಲಿಲ್ಲ. ಚಪ್ಪರ ಬಂದಮೇಲೆ ಅವನು ಕಟ್ಟೆಯ ತನ್ನ ಭಾಗದಲ್ಲಿ ಟೇಬಲ್ ಹಾಕಿದ್ದ. ಅಲ್ಲಿಗೆ ಹೋದ ಇಡ್ಲಿ ಬೂಷ್ಟು ಹಿಡಿದಂತೆ ಕಾಣುತ್ತಿತ್ತು. ಮೊಸರು ವಡೆಯನ್ನು ಒಬ್ಬಾಕೆ ಮೂಸಿ ನೋಡಿ ಹಿಂದಕ್ಕೆ ಕಳಿಸಿದಳು. ಇನ್ನೊಬ್ಬರು ತಟ್ಟೆಯ ಫೋಟೋ ತೆಗೆದುಕೊಂಡೇ ಹೋದರು. ಅವನು ಫೈಬರ್ ತೆಗೆಸಿ ಬಿಳಿ ತಗಡು ಹಾಕಿಸಲು ಹೊರಟ. ಸ್ವಪ್ನಿಲ್, "ಪಕ್ಕದವರ ಒಪ್ಪಿಗೆ ತನ್ನಿ," ಎಂದ.

ಭುಜಂಗ ಹೊಸ್ತಿಲಿಗೆ ಬಂದು ಮರಾಠಿಯಲ್ಲಿ ವಿಷಯ ಹೇಳಿದ. ತಗಡು ಬಂದರೆ ಈಗಿರುವ ಸುಳ್ಳು ಬೆಳಕೂ ಇರುವುದಿಲ್ಲ ಎಂಬುದು ಚನ್ನಬಸವ್ವನಿಗೆ ತಿಳಿಯಿತು. ಅದಕ್ಕಿಂತ ಮೊದಲು ತಿಳಿದದ್ದು ಬೇರೆ. ಅವನ ಇಡ್ಲಿಯ ಬಣ್ಣ ಈಗ ತನ್ನ ಕೈಯಲ್ಲಿದೆ.

"ಕೊತ್ತಂಬರಿ ಹಾಕೀವಿ ಅಂತ ಹೇಳ್ರಿ ಗಿರಾಕಿಗೆ," ಎಂದಳು ಕನ್ನಡದಲ್ಲೇ.

ಅವನು ಎರಡನೇ ಸಲ ಬಂದಾಗ ಅವಳು ತಲೆ ಎತ್ತಲಿಲ್ಲ. ಮೂರನೇ ಸಲ ಬಂದದ್ದನ್ನು ಕಂಡು ಒಳಗೆ ಹೋಗಿ ತಾನುಗಳ ಧೂಳು ಹೊಡೆಯುತ್ತ ನಿಂತಳು. ಗಿರಾಕಿಗಳಿಲ್ಲದ ಅಂಗಡಿಯಲ್ಲಿ ಕುಳಿತು, ಪಕ್ಕದಿಂದ ಹಿಂದಿರುಗುವ ತಟ್ಟೆಗಳ ಸದ್ದು ಕೇಳುವುದೇ ಅವಳಿಗೆ ದಿನದ ಸುಖವಾಯಿತು. ಒಂದು ಮಧ್ಯಾಹ್ನ ನೀತಾ ಯಂತ್ರ ನಿಲ್ಲಿಸಿ ಎದ್ದು ಬಂದಳು.

"ಅತ್ತಿ, ಅವರ ಇಡ್ಲಿ ಕೆಡಸಾಕ ನಿಮ್ಮ ಕಣ್ಣು ಒತ್ತೆ ಇಟ್ಟೀರಿ. ಅವರು ನಾಳೆ ಟೇಬಲ್ ಒಳಗ ತಗೋತಾರ, ಇಡ್ಲಿ ಬೆಳ್ಳಗ ಆಗ್ತದ. ನಿಮಗ ಏನು ಉಳೀತದ? ನನಗರ ಏನು ಉಳೀತದ?"

"ನಿನಗ ಯಾರು ಕೇಳ್ಯಾರ?"

"ಯಾರೂ ಕೇಳಿಲ್ಲರೀ. ಗಿರಾಕೀನಽ ಇಲ್ಲ, ಕೇಳಾವರು ಯಾರು?"

ಚನ್ನಬಸವ್ವ ಒಂದು ತಾನು ಬಿಚ್ಚಿ ಮತ್ತೆ ಸುತ್ತಿದಳು. ಸಂಜೆ ಬಾಗಿಲು ಹಾಕುವ ಮೊದಲು ನೀತಾಳ ಕೈಯಲ್ಲೇ ಪಕ್ಕಕ್ಕೆ ಹೇಳಿ ಕಳಿಸಿದಳು. ತನ್ನ ಹೊಸ್ತಿಲ ಮೇಲೆ ತಗಡೂ ಬೇಡ, ಫೈಬರೂ ಬೇಡ. ಬರಿ ಆಕಾಶ ಬಿಡಬೇಕು. ಹಾಗಾದರೆ ಒಪ್ಪಿಗೆ.

ಮರುದಿನ ಬಂದದ್ದು ಭುಜಂಗನಲ್ಲ. ಸ್ವರ್ಣಲತಾ ಬಂದಳು, ಹಿಂದೆ ಸ್ವಪ್ನಿಲ್. ಇಷ್ಟು ವರ್ಷಗಳಲ್ಲಿ ಅವಳು ಈ ಅಂಗಡಿಯೊಳಗೆ ಕಾಲಿಟ್ಟಿರಲಿಲ್ಲ. ಗೋಡೆಯ ಬಣ್ಣಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿ, ಕೂರದೆ ಮಾತಾಡಿದಳು.

"ಆಕಾಶ ಬಿಡುವಾ. ತೊಂದರೆ ಇಲ್ಲ. ಆದ್ರೆ ಆ ಆಕಾಶದ ಕೆಳಗೆ ನಿಂತು ನೀವು ಇನ್ನು ಕಥೆ ಹೇಳ್ಲಿಕ್ಕಿಲ್ಲ. ಲುಂಗಿ ಇಲ್ಲ, ಪೈಜಾಮ ಇಲ್ಲ, ಒಂದೂ ಇಲ್ಲ. ನಮ್ಮ ಮಗಳು ತೃಪ್ತಿ ಕಾಲೇಜಿಗೆ ಹೋದ್ರೆ ಹುಡುಗ್ರು 'ಲುಂ ಲುಂ' ಅಂತಾರೆ. ಸೆಕ್ರೆಟರಿಯವರ ಎದುರು ಮಾತು ಕೊಡಿ."

ಚನ್ನಬಸವ್ವ ಅವಳ ಮುಖ ನೋಡಿದಳು. "ನೀನು? ನೀನೂ ಬಾಯಿ ಮುಚ್ಚತೀಯೇನು?"

"ನನಗೆ ಎಂತಕ್ಕೆ? ನನಗೆ ಆಕಾಶ ಬೇಡ. ನಾನು ತಗಡಿನ ಕೆಳಗೆ ಕೂತವಳು."

"ಗಂಡ ಹೆದರ್ತಾನ, ನೀ ಹೆದರಂಗಿಲ್ಲ."

"ಅವರು ಹೆದರುದಿಲ್ಲ. ಅವರಿಗೆ ಮಾತಾಡ್ಲಿಕ್ಕೆ ಬರುದಿಲ್ಲ ಅಷ್ಟೆ."

ಸ್ವಪ್ನಿಲ್ ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡುತ್ತಿದ್ದ. ನೀತಾ ಒಳಗಿಂದ ಒಂದೇ ಒಂದು ಸಲ ಕೆಮ್ಮಿದಳು. ಚನ್ನಬಸವ್ವ ತಿರುಗಿ ಗೋಡೆಯನ್ನು ನೋಡಿದಳು. ದಾಳಿಂಬೆಗೂ ಹಳೇ ಕುಂಕುಮಕ್ಕೂ ಆ ಹಸಿರು ಬೆಳಕಿನಲ್ಲಿ ಭೇದ ಕಾಣುತ್ತಿರಲಿಲ್ಲ.

"ಆತು," ಎಂದಳು. "ಹೇಳಂಗಿಲ್ಲ. ಹೋಗು, ಬಡಿಗ್ಯಾರನ್ನ ಕರೆಸು."

ಶನಿವಾರ ಫೈಬರ್ ಇಳಿಯಿತು. ಹೋಟೆಲಿನ ಮುಂದೆ ತಗಡು ಬಂತು, ಅವಳ ಹೊಸ್ತಿಲ ಮೇಲೆ ಒಂದು ಬಾಗಿಲಗಲದ ಆಕಾಶ ಉಳಿಯಿತು.

ಭಾನುವಾರ ಬೆಳಿಗ್ಗೆ ಒಬ್ಬ ಹೆಂಗಸು ಸೀಮಂತಕ್ಕೆಂದು ನೇರಳೆ ಸೀರೆ ತಂದಳು. ಚನ್ನಬಸವ್ವ ತಾನು ಹೆಗಲಿಗೇರಿಸಿ ಹೊರಗೆ ಬಂದಳು. ಬಿಸಿಲು ಅವಳ ನೆತ್ತಿಯ ಮೇಲೇ ಬಿತ್ತು. ಕಾಯುವವರೆಲ್ಲ ತಗಡಿನ ನೆರಳಿನಲ್ಲಿ, ಗಲ್ಲಾಕ್ಕೆ ಹತ್ತಿರವಾಗಿ ನಿಂತಿದ್ದರು. ಯಾರೋ ಕೇಳಿದರು, ಸ್ವರ್ಣಲತಾ ಶುರುಮಾಡಿದಳು.

"ಜಂಪರಾ? ಅದು ಘಟ್ಟದ ಮೇಲಿನ ಒಬ್ಬಳು ಹೆಂಗಸಿನಿಂದ ಬಂದದ್ದು. ರವಿಕೆ ಹೊಲಿಸಿದಳು, ಬಿಗಿ ಆಯ್ತು. ಬಿಗಿ ಆಯ್ತು ಅಂತ ಒಪ್ಪಲಿಕ್ಕೆ ಜಂಬ. ಹಾಕಿಕೊಂಡೇ ಸಂತೆಗೆ ಹೊರಟಳು. ಉಸಿರು ಎಳೆದ ಹಾಗೆ ಒಂದೊಂದು ಗುಂಡಿ ಹಾರುದು, ಗುಂಡಿಯ ಒಟ್ಟಿಗೆ ಇವಳೂ ಹಾರುದು. ಸಂತೆಯವರು 'ಜಂಪ್, ಜಂಪ್' ಅಂತ ಕೂಗಿದ್ದು. ಹಾರಿ ಹಾರಿ ಮನೆ ಸೇರಿದಳು."

ನಕ್ಕರು. ಕೆಲವರು ಹೊಸ್ತಿಲ ಕಡೆಗೇ ತಿರುಗಿ ನಕ್ಕರು. ಕಥೆ ಕೊನೆಗೆ ಸಪ್ಪೆಯಾಯಿತು ಎಂಬುದು ಚನ್ನಬಸವ್ವನಿಗೆ ಕೂಡಲೇ ಗೊತ್ತಾಯಿತು. ಕೊನೆಯ ಗುಂಡಿ ಹಾರಿ ಪಕ್ಕದ ಹೋಟೆಲಿನ ಸಾಂಬಾರಿಗೆ ಬೀಳಬೇಕು. ಇವತ್ತು ಒಂದಾದರೂ ತರಕಾರಿ ಹಾಕಿದ್ದಾರಲ್ಲ ಎಂದು ಗಿರಾಕಿ ಖುಷಿಪಡಬೇಕು. ಮಾತು ಹಲ್ಲಿನ ಹಿಂದೆ ಬಂದು ನಿಂತಿತು. ಅವಳು ಎರಡೂ ಬಟ್ಟೆಗಳನ್ನು ಎಡಕ್ಕೆ ವಾಲಿಸಿದಳು, ಬಲಕ್ಕೆ ವಾಲಿಸಿದಳು. ಸೇರುವ ಗೆರೆ ಕಾಣಲಿಲ್ಲ, ಬಣ್ಣ ಕೂಡಿತು.

"ಅವರು ನಿಮಗಽ ಅಂದಂಗ ಅದರೀ," ಎಂದಳು ಸೀಮಂತದ ಹೆಂಗಸು ಪಿಸುದನಿಯಲ್ಲಿ. "ನೀವು ಏನೂ ಅನ್ನಂಗಿಲ್ಲೇನು?"

"ನಿನಗ ಜಂಪರ್ ಬೇಕೋ, ಜಗಳ ಬೇಕೋ?" ಎಂದು ಅವಳ ಮೇಲೆ ಹರಿಹಾಯ್ದು, ಚನ್ನಬಸವ್ವ ಕತ್ತರಿ ತೆಗೆದುಕೊಂಡಳು.